ಸ್ಕಾಟ್ಲೆಂಡಿಗೆ ಪೈಪ್ ಊದಲು ಹೋದದ್ದು

ಕಾಫಿ ಕಣ

ಸ್ಕಾಟ್ಲೆಂಡಿಗೆ ಹೋಗಿ ಬಂದೆ ಅಂದರೆ ಜನ ಕೇಳುವ ಮೊದಲ ಪ್ರಶ್ನೆ, ಅಲ್ಲಿ ಚಳಿ ಹೇಗೆ ಎಂದು. ಎರಡನೆಯದು, ಎಂತಕ್ಕೆ ಹೋದದ್ದು ಎಂದು. ಗಾಲ್ಫ್ ಮೈದಾನದಲ್ಲಿ ಬ್ಯಾಗ್‌ಪೈಪ್ ಊದುವ ಕೆಲಸ ಹುಡುಕಲು ಅಂದರೆ ಮೂರನೆಯ ಪ್ರಶ್ನೆ ಬರುವುದಿಲ್ಲ. ಕೇಳಿದವರು ಮೆಲ್ಲಗೆ ನನ್ನ ಹೆಂಡತಿಯ ಮುಖ ನೋಡುತ್ತಾರೆ.

ನಾನು ಕೊಡಗಿನ ಹವಾಲ್ದಾರ್ ಕುಶಾಲಪ್ಪ. ಸೈನ್ಯದ ಪೈಪ್ ಬ್ಯಾಂಡಿನಲ್ಲಿ ಇಪ್ಪತ್ತೆರಡು ವರ್ಷ ಊದಿ, ಎದೆಯಲ್ಲಿ ಇನ್ನೂ ಉಸಿರು ಇರುವಾಗಲೇ ಮನೆಗೆ ಬಂದವನು. ಬ್ಯಾಗ್‌ಪೈಪ್ ನೋಡದವರಿಗೆ ಹೇಳಬೇಕೆಂದರೆ, ಕಂಕುಳಲ್ಲಿ ಒಂದು ಗಾಳಿಚೀಲ, ಹೆಗಲ ಮೇಲೆ ಮೂರು ಕೊಳವೆ, ಬೆರಳಾಡಿಸಲು ಮುಂದೊಂದು, ಬಾಯಿಗೆ ಇನ್ನೊಂದು. ಊದಿ ಚೀಲ ತುಂಬಿಸಿ ಮೊಣಕೈಯಿಂದ ಒತ್ತಿದರೆ ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಕೇಳುತ್ತದೆ. ಅದೇ ಅದರ ಗುಣ, ಅದೇ ಅದರ ಅವಗುಣ.

ನಿವೃತ್ತಿಯ ನಂತರ ದಿನಾ ಸಂಜೆ ಕಾಫಿ ಒಣಗಿಸುವ ಕಣದಲ್ಲಿ ನಿಂತು ಊದುತ್ತಿದ್ದೆ. ಒಂದು ದಿನ ಪಕ್ಕದ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಗೇಟಿನ ತನಕ ಬಂದರು. "ಕುಶಾಲಣ್ಣ, ಕಾಫಿ ಪಿಕ್ಕಿಂಗ್ ಮುಗಿಯುವ ತನಕ ಇದೊಂದು ನಿಲ್ಸಿ. ನೀವು ಶುರು ಮಾಡಿದ್ರೆ ಲೈನ್‌ಮನೆಯ ಕೆಲಸದ ಹೆಂಗಸ್ರೆಲ್ಲ ಚೀಲ ಕೆಳಗಿಟ್ಟು ಬೇಲಿ ಹತ್ರ ಬಂದು ನಿಲ್ತಾರೆ" ಅಂದರು. ನಾನು ಅದನ್ನು ಹೊಗಳಿಕೆ ಅಂದುಕೊಂಡೆ. ಹೊಗಳಿಕೆಯಲ್ಲ ಎಂದು ನನ್ನ ಹೆಂಡತಿ ದೇವಕಿ ರಾತ್ರಿ ಊಟಕ್ಕೆ ಬಡಿಸುವಾಗ ತಿಳಿಸಿಕೊಟ್ಟಳು.

ಒಂದೇ ಒಂದು ಸಂದರ್ಭದಲ್ಲಿ ಮಾತ್ರ ನನ್ನ ಪೈಪಿಗೆ ಊರಲ್ಲಿ ಆಕ್ಷೇಪ ಇರಲಿಲ್ಲ. ನಮ್ಮ ಕಡೆ ಸುದ್ದಿ ಮುಟ್ಟಿಸುವುದು ಕೋವಿ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಬೆನ್ನಬೆನ್ನಿಗೆ ಎರಡು. ಎರಡು ಕೇಳಿದರೆ ಊರವರು ಕೈಲಿದ್ದ ಕೆಲಸ ಬಿಟ್ಟು ಆ ಮನೆಗೆ ಹೊರಡುತ್ತಾರೆ. ನಾನು ಯಾವ ಕುಣಿತದ ಮಟ್ಟು ಊದುತ್ತಿದ್ದರೂ ಅಲ್ಲಿಗೇ ಬಿಟ್ಟು, ಸೈನ್ಯದಲ್ಲಿ ಸತ್ತವರಿಗೆ ನುಡಿಸುವ ನಿಧಾನದ ಮಟ್ಟಿಗೆ ಇಳಿಯುತ್ತಿದ್ದೆ. ಅದಕ್ಕೆ ಯೋಚನೆ ಬೇಕಿರಲಿಲ್ಲ, ಬೆರಳುಗಳೇ ಇಳಿಯುತ್ತಿದ್ದವು.

ಈ ನಡುವೆ ನಮ್ಮ ಗಾಲ್ಫ್ ಕ್ಲಬ್ಬಿನವರು ಶನಿವಾರ ಸಂಜೆ ಸೂರ್ಯ ಮುಳುಗುವಾಗ ಪೈಪ್ ಊದಿಸಬೇಕೆಂದು ಯೋಚಿಸಿದರು. ಹೋಮ್‌ಸ್ಟೇಗೆ ಬಂದ ಅತಿಥಿಗಳು ಫೋಟೋ ತೆಗೆಯುತ್ತಾರಂತೆ. ಕ್ಲಬ್ಬಿನ ಕಾರ್ಯದರ್ಶಿ ಚಂಗಪ್ಪನವರು ಎಪ್ಪತ್ತೊಂಬತ್ತು ವರ್ಷದ ಹಳೆಯ ಪ್ಲಾಂಟರ್. ಸುದ್ದಿ ಕೇಳಿ ನಾನು ಅವರಲ್ಲಿಗೆ ಓಡಿದೆ. ಅವರು ಕುರ್ಚಿಯಿಂದ ಏಳದೆ, "ಕಮಿಟಿಯವರು ಸ್ಪೀಕರ್ ಸಾಕು ಅಂತಾರೆ ಹವಾಲ್ದಾರ್ರೇ. ಸ್ಕಾಟ್ಲೆಂಡಿನವರು ಊದಿದ್ದೇ ಮೊಬೈಲಲ್ಲಿ ಸಿಗ್ತದೆ, ಊಟ ಕೂಡ ಕೇಳುದಿಲ್ಲ" ಅಂದರು.

ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. "ಸ್ಕಾಟ್ಲೆಂಡಿನವರೇ ಸಂಬಳ ಕೊಟ್ಟು ನನ್ನನ್ನು ಕರೀತಾರೆ ಸರ್" ಅಂದುಬಿಟ್ಟೆ.

"ಹಾಗೋ. ಹಾಗಾದ್ರೆ ಅಲ್ಲಿಯ ಒಂದು ಗಾಲ್ಫ್ ಕ್ಲಬ್ಬಿಂದ ಹಾಗೆ ಬರೆಸ್ಕೊಂಡು ಬನ್ನಿ. ಶನಿವಾರ ನಿಮ್ದೇ."

ಪಿಂಚಣಿ ಬರುತ್ತದೆ, ತೋಟದಲ್ಲಿ ಮೆಣಸಿದೆ, ಹೊಟ್ಟೆಗೇನೂ ತೊಂದರೆಯಿರಲಿಲ್ಲ. ಆದರೆ ಬಾ, ಬಂದು ನುಡಿಸು ಎಂದು ಯಾರಾದರೂ ಕರೆಯಬೇಕೆಂಬ ಆಸೆ ನನ್ನನ್ನು ತಿನ್ನುತ್ತಿತ್ತು. ಅಕ್ಕನ ಮಗಳು ರಮ್ಯ ಸ್ಕಾಟ್ಲೆಂಡಿನ ಕಡಲ ಬದಿಯ ಸಣ್ಣ ಪೇಟೆಯಲ್ಲಿ ವೃದ್ಧರ ಮನೆಯೊಂದರ ನರ್ಸ್. "ಮಾವ, ಒಮ್ಮೆ ಬನ್ನಿ" ಎಂದು ಅವಳು ವರ್ಷಗಳಿಂದ ಬಾಯಿಮಾತಿಗೆ ಕರೆಯುತ್ತಿದ್ದಳು. ಕಾಫಿ ಹೂ ಅರಳಿಸುವ ಬೇಸಗೆಯ ಹೂಮಳೆ ಮುಗಿದ ವಾರವೇ ನಾನು ಹೊರಟೆ. ಪಾಪ, ಅವಳಿಗೆ ಇದು ನಿರೀಕ್ಷೆಯಿರಲಿಲ್ಲ.

ವಿಮಾನ ನಿಲ್ದಾಣ

ದೇವಕಿ ರಮ್ಯಳಿಗೆಂದು ಒಂದು ಸೀಸೆ ಕಾಚಂಪುಳಿ ಕೊಟ್ಟಿದ್ದಳು. ಹಂದಿಸಾರಿಗೆ ಹಾಕುವ ನಮ್ಮ ಕಪ್ಪು ಹುಳಿ ಅದು. ಎಲ್ಲಿಟ್ಟರೆ ಒಡೆಯುವುದಿಲ್ಲ ಎಂದು ಯೋಚಿಸಿ, ನನಗೆ ಹೇಳದೆ, ಪೈಪಿನ ಪೆಟ್ಟಿಗೆಯಲ್ಲಿ ಗಾಳಿಚೀಲದ ಮಡಿಕೆಯೊಳಗೆ ತುರುಕಿದ್ದಳು. ಸೀಸೆ ಒಡೆಯಲಿಲ್ಲ. ಮುಚ್ಚಳ ಸಡಿಲಾಯಿತು.

ಅಲ್ಲಿ ಇಳಿದಾಗ ಒಬ್ಬ ಎತ್ತರದ ಅಧಿಕಾರಿ ಪೆಟ್ಟಿಗೆ ತೆರೆಸಿದ. ಹುಳಿಯ ವಾಸನೆ ಮೊದಲು ಹೊರಬಂತು. ಆತ ಎರಡು ಹೆಜ್ಜೆ ಹಿಂದೆ ಸರಿದು, ಇದು ವಾದ್ಯವೋ ಆಹಾರವೋ ಎಂದು ವಿನಯದಿಂದ ಕೇಳಿದ. ವಾದ್ಯ ಅಂದೆ. ಹಾಗಿದ್ದರೆ ನುಡಿಸಿ ತೋರಿಸಿ ಅಂದ. ಹುಳಿ ಕುಡಿದ ಚೀಲವನ್ನು ಕಂಕುಳಲ್ಲಿಟ್ಟು, ಪೆಟ್ಟಿಗೆಗಳು ಸುತ್ತಿ ಬರುವ ಪಟ್ಟಿಯ ಪಕ್ಕ ನಿಂತು ಒಂದು ಮಟ್ಟು ಊದಿದೆ. ಸಾಮಾನು ಕಾಯುತ್ತಿದ್ದವರೆಲ್ಲ ತಿರುಗಿದರು. ಆತ ಕೊನೆಯ ತನಕ ಕೇಳಿ, "ಅಷ್ಟೇನೂ ಕೆಟ್ಟದಾಗಿಲ್ಲ" ಅಂದು ನನ್ನನ್ನು ಬಿಟ್ಟ.

ಹೊರಗೆ ಕಾಯುತ್ತಿದ್ದ ರಮ್ಯಳಿಗೆ ಬೇಜಾರಿನಿಂದ ಇದನ್ನು ಹೇಳಿದೆ. "ಮಾವ, ಇವ್ರು ಅದಕ್ಕಿಂತ ಜಾಸ್ತಿ ಯಾರನ್ನೂ ಹೊಗಳುದಿಲ್ಲ. ನಮ್ಮ ವೃದ್ಧರ ಮನೆಯ ಮೇಡಂ ಅವರ ಗಂಡನ ಬಗ್ಗೆಯೂ ಅಷ್ಟೇ ಹೇಳುದು" ಅಂದಳು. ಮೂವತ್ತು ವರ್ಷದ ಸಂಸಾರದಲ್ಲಿ ದೇವಕಿ ನನ್ನ ಬಗ್ಗೆ ಅಷ್ಟೂ ಹೇಳಿದ್ದು ನೆನಪಿಲ್ಲ.

ಕಾರಿನಲ್ಲಿ ಅವಳು ಇನ್ನೊಂದು ವಿಷಯ ತಿಳಿಸಿದಳು. ನನ್ನ ವೀಸಾದಲ್ಲಿ ಅಲ್ಲಿ ದುಡಿಯುವಂತಿಲ್ಲ. "ಕೆಲಸ ಕೇಳ್ಬಹುದು ಮಾವ. ಮಾಡ್ಲಿಕ್ಕಿಲ್ಲ, ಹಣ ಮುಟ್ಟುವ ಹಾಗಂತೂ ಇಲ್ಲವೇ ಇಲ್ಲ."

"ನಂಗೆ ಹಣ ಬೇಡ. ಕರೀತೇವೆ ಅಂತ ಒಂದು ಕಾಗದ ಸಾಕು" ಅಂದೆ. ಅವಳು ಕಿಟಕಿ ಇಳಿಸಿ ಕಾರು ಓಡಿಸಿದಳು, ಹುಳಿಯ ವಾಸನೆಗೆ.

ಐದು ಮೈದಾನ, ಐದು ಚಹಾ

ಮರುದಿನ ಮೊದಲ ಕ್ಲಬ್ಬಿಗೆ ಹೋದೆ. ನಮ್ಮ ಹಬ್ಬದ ನಿಲುವಂಗಿ ಕಪ್ಪು ಕುಪ್ಯ ತೊಟ್ಟು, ಸೊಂಟಕ್ಕೆ ಕೆಂಪು ರೇಷ್ಮೆ ಪಟ್ಟಿ ಚೇಲೆ ಬಿಗಿದಿದ್ದೆ. ಸೊಂಟದ ಕತ್ತಿಯನ್ನು ಮಾತ್ರ ಊರಲ್ಲೇ ಬಿಟ್ಟಿದ್ದೆ. ಅಲ್ಲಿಯವರಿಗೂ ಹಬ್ಬದ ಉಡುಪಿನಲ್ಲಿ ಕತ್ತಿಯುಂಟು, ಕಾಲುಚೀಲದಲ್ಲಿ ಸಿಕ್ಕಿಸುತ್ತಾರೆ ಎಂದು ಗೊತ್ತಾದಾಗ ಸ್ವಲ್ಪ ಹೊಟ್ಟೆ ಉರಿಯಿತು. ಬಾಗಿಲಲ್ಲಿ ಕೂತಿದ್ದ ಒಬ್ಬ ಮುದುಕ ನನ್ನನ್ನು ಕುಪ್ಯದ ಕೊರಳಿಂದ ಮೊಣಕಾಲಿನ ತನಕ ನೋಡಿ, ಯಾವ ಮನೆತನ ಎಂದು ಕೇಳಿದ. ಮನೆಹೆಸರು ಹೇಳಿದೆ. ಅವನು ತಲೆದೂಗಿ ತನ್ನದನ್ನು ಹೇಳಿದ. ದೆಹಲಿಯಲ್ಲಿ ಮನೆಹೆಸರು ಎಂದರೇನೆಂದು ಅರ್ಧ ಗಂಟೆ ವಿವರಿಸಬೇಕಾಗುತ್ತದೆ. ಇಲ್ಲಿ ಎರಡು ಮಾತಲ್ಲಿ ಮುಗಿಯಿತು.

ಕಚೇರಿಯ ಹೆಂಗಸು ನನ್ನ ಕೋರಿಕೆ ಕೇಳಿ, ಮೇಜಿನ ಖಾನೆಯಿಂದ ಒಂದು ಪಟ್ಟಿ ತೆಗೆದಳು. ಅವರ ಮೈದಾನಕ್ಕೆ ಬರುವ ಪೈಪಿನವರ ಹೆಸರು. ಹಲ್ಲಿನ ಡಾಕ್ಟರ್ ಒಬ್ಬ, ಇಬ್ಬರು ಪೊಲೀಸರು, ಶಾಲೆಯ ಹೆಡ್‌ಮಿಸ್, ಮೀನಂಗಡಿಯವನು, ಹೀಗೆ ಹನ್ನೊಂದು ಜನ. ನನಗೆ ಆಗ ಜ್ಞಾನೋದಯವಾಯಿತು. ನಾನು ವಿಮಾನ ಹತ್ತಿ ಬಂದದ್ದು ಕೊಡಗಿನಲ್ಲಿ ಮನೆಮನೆಗೆ ಕಾಫಿಪುಡಿ ಮಾರಲು ಬಂದವನ ಹಾಗೆ. ಇಷ್ಟು ಸಣ್ಣ ವಿಷಯ ಊರಲ್ಲಿ ನನಗಾಗಲಿ ಚಂಗಪ್ಪನವರಿಗಾಗಲಿ ಹೊಳೆದಿರಲಿಲ್ಲ. ಚಂಗಪ್ಪನವರಿಗೆ ಹೊಳೆದಿತ್ತೇನೋ ಎಂಬ ಅನುಮಾನ ಬಂದದ್ದು ಆಮೇಲೆ.

ಅವಳು ಇಲ್ಲ ಅನ್ನಲಿಲ್ಲ. ತುಂಬ ಕುತೂಹಲದ ವಿಷಯ, ನಿಮ್ಮ ಹೆಸರು ಬರೆದಿಟ್ಟುಕೊಳ್ಳುತ್ತೇವೆ ಅಂದು ಚಹಾ ಕೊಟ್ಟಳು. ಖುಷಿಯಿಂದ ಬಂದು ರಮ್ಯಳಿಗೆ ಹೇಳಿದೆ. "ಅದು ನಮ್ಮೂರಲ್ಲಿ 'ನೋಡುವ' ಅಂತಾರಲ್ಲ, ಅದೇ ಮಾವ" ಅಂದಳು. ಮೂರು ದಿನದಲ್ಲಿ ಐದು ಕ್ಲಬ್ ಸುತ್ತಿದೆ. ಐದು ಕಡೆ ಹೆಸರು ಬರೆದುಕೊಂಡರು, ಐದು ಕಡೆ ಚಹಾ ಕೊಟ್ಟರು. ತಣ್ಣನೆಯ ಹಾಲು ಸುರಿದ ಚಹಾವನ್ನು ನಗುತ್ತಾ ಕುಡಿಯುವುದನ್ನು ಸೈನ್ಯದಲ್ಲೂ ನನಗೆ ಕಲಿಸಿರಲಿಲ್ಲ.

ಒಂದು ಕಡೆ ಪರೀಕ್ಷೆಗೆಂದು ಮೈದಾನದ ಅಂಚಿನಲ್ಲಿ ಊದಲು ಬಿಟ್ಟರು. ಅದೇ ಹೊತ್ತಿಗೆ ಒಬ್ಬ ಆಟಗಾರ ಬಗ್ಗಿ, ಉಸಿರು ಹಿಡಿದು, ಚೆಂಡನ್ನು ಕುಳಿಗೆ ತಳ್ಳುವುದರಲ್ಲಿದ್ದ. ನನ್ನ ಮೊದಲ ಸ್ವರಕ್ಕೆ ಚೆಂಡು ಕುಳಿ ಬಿಟ್ಟು ಬೇರೆ ದಾರಿ ಹಿಡಿಯಿತು. ಕ್ಷಮೆ ಕೇಳಲು ಹೋದರೆ ಅವನೇ ನನ್ನ ಕ್ಷಮೆ ಕೇಳಿದ. ಮುಜುಗರ ಮುಚ್ಚಲು, ನಮ್ಮೂರ ಮೈದಾನದಲ್ಲಿ ಚೆಂಡು ಆನೆ ಹೆಜ್ಜೆಯ ಹೊಂಡಕ್ಕೆ ಬಿದ್ದರೆ ಎತ್ತಿ ಪಕ್ಕಕ್ಕಿಟ್ಟು ಹೊಡೆಯಬಹುದು ಎಂದು ಹೇಳಿದೆ. ಅವನು ಆಟ ಬಿಟ್ಟು ಗೆಳೆಯರನ್ನು ಕರೆದ. ಆನೆ ಹೊಂಡದಲ್ಲೇ ನಿಂತಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದರು. ಆ ಚೆಂಡನ್ನು ಮರೆತುಬಿಡುತ್ತೇವೆ ಅಂದೆ. ಪೈಪಿಗೆ ಸಿಗದ ಮರ್ಯಾದೆ ಆನೆಗೆ ಸಿಕ್ಕಿತು.

ವೃದ್ಧರ ಮನೆಯ ತೋಟ

ನಾಲ್ಕನೆಯ ದಿನ ಯಾವ ಕ್ಲಬ್ಬಿಗೂ ಹೋಗುವ ಮನಸ್ಸಾಗಲಿಲ್ಲ. ರಮ್ಯಳ ಜೊತೆ ಅವಳ ವೃದ್ಧರ ಮನೆಗೆ ಹೋಗಿ, ಮೇಡಂ ಅವರ ಅನುಮತಿ ಕೇಳಿ, ಹಿಂದಿನ ತೋಟದಲ್ಲಿ ನಿಂತು ಊದಿದೆ. ಕಿಟಕಿಯಲ್ಲಿ ಕೂತಿದ್ದ ಅಜ್ಜ ಅಜ್ಜಿಯರು ಒಬ್ಬೊಬ್ಬರಾಗಿ ಕಿವಿಯಲ್ಲಿದ್ದ ಶ್ರವಣಯಂತ್ರ ತೆಗೆದು ಜೇಬಿಗಿಟ್ಟುಕೊಂಡರು. ಒಬ್ಬ ಮಾತ್ರ ಜೇಬಿನಿಂದ ತೆಗೆದು ಕಿವಿಗೆ ಹಾಕಿಕೊಂಡ.

ಅವನ ಹೆಸರು ಅಲೆಕ್. ಎಂಬತ್ತಾರು ವರ್ಷ. ಕಡಲ ದಂಡೆಯ ಒಂಬತ್ತು ಕುಳಿಗಳ ಪುಟ್ಟ ಗಾಲ್ಫ್ ಕ್ಲಬ್ಬಿಗೆ ನಲವತ್ತು ವರ್ಷದಿಂದ ಅವನೇ ಕಾರ್ಯದರ್ಶಿ. ವೃದ್ಧರ ಮನೆಗೆ ಬರುವಾಗ ಬಟ್ಟೆಯ ಜೊತೆ ಕ್ಲಬ್ಬಿನ ಟೈಪ್‌ರೈಟರನ್ನೂ ತಂದಿದ್ದ. ಬರುವ ಶನಿವಾರ ಅವರ ಹೊಸ ಕ್ಯಾಪ್ಟನ್ ವರ್ಷದ ಮೊದಲ ಹೊಡೆತ ಹೊಡೆಯುವ ಶಾಸ್ತ್ರ, ಅದಕ್ಕೆ ಪೈಪ್ ಬೇಕು, ಆದರೆ ಯಾವಾಗಲೂ ಊದುವ ಅಂಚೆಯವನಿಗೆ ಶೀತ ಹಿಡಿದಿದೆ ಎಂದ. ಆ ಅಂಚೆಯವನ ಶೀತಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದೆ.

"ಪುಕ್ಕಟೆ ಊದು. ಕ್ಯಾಪ್ಟನ್ ಒಪ್ಪಿದರೆ ನಿನಗೆ ಬೇಕಾದ ಕಾಗದ ನಾನು ಟೈಪ್ ಮಾಡುತ್ತೇನೆ" ಎಂದು ಅಲೆಕ್ ಹೇಳಿದ. ಸೋಮವಾರ ನನ್ನ ವಾಪಸು ವಿಮಾನ. ಉಳಿದದ್ದು ಇದೊಂದೇ ದಾರಿ.

ಒಂಬತ್ತು ಕುಳಿಗಳ ಮೈದಾನ

ಶನಿವಾರ ಬಿಸಿಲಿತ್ತು. ಒಂದು ಕಡೆ ಕಡಲು, ಇನ್ನೊಂದು ಕಡೆ ಆಗಷ್ಟೇ ಬಿತ್ತಿದ ಹೊಲ. ನಲವತ್ತು ಜನ ಸೇರಿದ್ದರು. ಹೊಸ ಕ್ಯಾಪ್ಟನ್ ಮೊರಾಗ್ ಎಂಬ ಗಟ್ಟಿ ಹೆಂಗಸು, ಪೇಟೆಯ ಬೇಕರಿಯ ಒಡತಿ. ನಾನು ಕ್ಲಬ್ಬಿನ ಬಾಗಿಲಿಂದ ಅವಳನ್ನು ಮುನ್ನಡೆಸಿಕೊಂಡು ಬರಬೇಕು, ಅವಳು ಕೋಲು ಎತ್ತುವ ತನಕ ಊದಬೇಕು, ನಾನು ನಿಲ್ಲಿಸಿದ ಮೇಲೆ ಅವಳು ಹೊಡೆಯಬೇಕು.

ಒಳ್ಳೆಯ ಕುಣಿತದ ಮಟ್ಟು ಹಿಡಿದಿದ್ದೆ. ಅಂದು ಉಸಿರೂ ಕೊಟ್ಟಿತು, ಬೆರಳೂ ಕೊಟ್ಟಿತು. ಹಿಂದಿನಿಂದ ಜನ ಚಪ್ಪಾಳೆಯಲ್ಲಿ ತಾಳ ಹಾಕುತ್ತಿದ್ದರು. ಗಾಲಿಕುರ್ಚಿಯಲ್ಲಿ ಕೂತ ಅಲೆಕ್ ಕಾಲು ಕುಣಿಸುತ್ತಿದ್ದ. ಕಾಗದ ನನ್ನ ಜೇಬಿಗೆ ಬಂದೇ ಬಿಟ್ಟಿತು ಅಂದುಕೊಂಡೆ. ಮೊರಾಗ್ ಚೆಂಡಿನ ಮುಂದೆ ನಿಂತು ಕೋಲು ಎತ್ತಿದಳು.

ಆಗ ಹೊಲದ ಕಡೆಯಿಂದ ಢಂ, ಢಂ ಎಂದು ಬೆನ್ನಬೆನ್ನಿಗೆ ಎರಡು ಗುಂಡು.

ನಾನೇನೂ ಯೋಚಿಸಲಿಲ್ಲ. ಬೆರಳು ತಾವಾಗಿ ಕುಣಿತ ಬಿಟ್ಟು ನಿಧಾನದ ಮಟ್ಟಿಗೆ ಇಳಿದವು. ತಲೆ ಬಗ್ಗಿಸಿ, ಕಣ್ಣು ಮುಚ್ಚಿ, ಪಾಪ ಯಾರ ಮನೆಯೋ ಅಂದುಕೊಳ್ಳುತ್ತಾ ಊದಿದೆ. ಆ ಮಟ್ಟು ಸ್ಕಾಟ್ಲೆಂಡಿನದೇ. ಅದು ಯಾವಾಗ ನುಡಿಸುವುದೆಂದು ಅಲ್ಲಿಯ ಮಕ್ಕಳಿಗೂ ಗೊತ್ತು. ಚಪ್ಪಾಳೆ ನಿಂತಿತು. ಕಣ್ಣು ಬಿಟ್ಟು ನೋಡಿದರೆ ಗಂಡಸರೆಲ್ಲ ಟೋಪಿ ತೆಗೆದು ಎದೆಗೆ ಹಿಡಿದಿದ್ದಾರೆ. ಮೊರಾಗ್ ಎತ್ತಿದ ಕೋಲನ್ನು ಇಳಿಸುವುದೋ ಬಿಡುವುದೋ ತಿಳಿಯದೆ ಹಾಗೇ ನಿಂತಿದ್ದಾಳೆ. ಯಾರು ಹೋದದ್ದು ಎಂದು ಒಬ್ಬರ ಕಿವಿಯಲ್ಲಿ ಒಬ್ಬರು ಕೇಳುತ್ತಿದ್ದಾರೆ. ಎರಡು ಮೂರು ಜನ ಬಗ್ಗಿ ಅಲೆಕ್‌ನ ಮುಖ ಪರೀಕ್ಷಿಸಿದರು. ಅವನು ಕಣ್ಣು ಮಿಟುಕಿಸಿದ.

ರಮ್ಯ ಓಡಿಬಂದು ನನ್ನ ತೋಳು ಹಿಡಿದಳು. "ಎಂತ ಮಾಡ್ತಾ ಇದ್ದೀರಿ ಮಾವ?"

"ಕೇಳ್ಲಿಲ್ವಾ? ಎರಡು ಗುಂಡು. ಯಾರೋ ತೀರಿಹೋದ್ರು."

"ಅಯ್ಯೋ, ಅದು ಹೊಲದಿಂದ ಕಾಗೆ ಓಡಿಸುವ ಗ್ಯಾಸಿನ ಯಂತ್ರ. ದಿನ ಇಡೀ ಗಂಟೆಗೊಂದ್ಸಲ ಹೊಡೀತದೆ."

ಚೀಲದ ಗಾಳಿ ತಾನಾಗಿ ಹೋಯಿತು. ಕೊನೆಯಲ್ಲಿ ಅದು ಮಾಡುವ ಸದ್ದು ಯಾವತ್ತೂ ಮರ್ಯಾದೆಯದಲ್ಲ, ಅವತ್ತಂತೂ ಇನ್ನೂ ಉದ್ದವಾಗಿತ್ತು. ರಮ್ಯ ಅವರಿಗೆ ನಮ್ಮೂರ ಕೋವಿಯ ಸಂಗತಿ ವಿವರಿಸಿದಳು. ಮುಂದಿದ್ದವರು ಹಿಂದಿದ್ದವರಿಗೆ ದಾಟಿಸಿದರು, ನಗುವೂ ಅದೇ ದಾರಿಯಲ್ಲಿ ಹಿಂದಕ್ಕೆ ಹೋಯಿತು. ಮೊರಾಗ್ ಕೊನೆಗೂ ಕೋಲು ಬೀಸಿದಳು. ಚೆಂಡು ನೆಟ್ಟಗೆ ಕಡಲಿಗೆ ಹೋಯಿತು.

ಆಮೇಲೆ ಅವಳು ನನ್ನ ಕೈ ಕುಲುಕಿ, ತುಂಬ ಕುತೂಹಲದ ಅನುಭವ, ನಿಮ್ಮ ಹೆಸರು ಬರೆದಿಟ್ಟುಕೊಳ್ಳುತ್ತೇವೆ ಅಂದಳು. ಆ ಹೊತ್ತಿಗೆ ನನಗೆ ಆ ಭಾಷೆ ಬರುತ್ತಿತ್ತು.

ಕ್ಲಬ್ಬಿನ ಅಡುಗೆಮನೆ

ಒಳಗೆ ಎಲ್ಲರೂ ಕುಡಿಯುತ್ತಿದ್ದರು. ನಾನು ಅಡುಗೆಮನೆಯ ಸ್ಟೂಲಿನಲ್ಲಿ ಕೂತು ಪೈಪಿನ ಕೊಳವೆ ಒರೆಸುತ್ತಿದ್ದೆ. ಅಳು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಕೆಲಸ ಹೋದದ್ದಕ್ಕಿಂತ, ಅಷ್ಟು ಚೆನ್ನಾಗಿ ಊದಿದ ದಿನವೇ ಹೋಯಿತಲ್ಲ ಎಂಬ ಸಂಕಟ. ಅಲೆಕ್ ಗಾಲಿಕುರ್ಚಿ ತಳ್ಳಿಕೊಂಡು ಬಂದ. ನಕ್ಕು ನಕ್ಕು ಅವನ ಕಣ್ಣಲ್ಲಿ ನೀರಿತ್ತು.

"ಅಂಚೆಯವನು ಆ ಮಟ್ಟನ್ನು ಬೇಗ ಮುಗಿಸುತ್ತಾನೆ. ಅವನಿಗೆ ಕಾಗದ ಹಂಚುವ ಅವಸರ. ನನ್ನ ಹೆಂಡತಿ ತೀರಿಕೊಂಡಾಗಲೂ ಹಾಗೇ ಮುಗಿಸಿದ" ಎಂದ. "ನೀನು ಯಾರೆಂದೇ ಗೊತ್ತಿಲ್ಲದವರಿಗೆ ಅಷ್ಟು ನಿಧಾನವಾಗಿ ಊದಿದೆ. ನನಗೆ ಊದುತ್ತೀಯಾ?"

"ಈಗಲೇ ಊದಲೇ?"

"ಈಗ ಬೇಡ. ಆಗ."

ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಅವನ ಕೈ ಹಿಡಿದುಕೊಂಡೆ. ಅವನು ಮಾತ್ರ ಒಳ್ಳೆಯ ಮೂಡಿನಲ್ಲಿದ್ದ. ಮೊರಾಗ್‌ಳನ್ನು ಅಡುಗೆಮನೆಗೆ ಕರೆಸಿ, ನನ್ನ ಅಂತ್ಯಕ್ರಿಯೆಗೆ ಕ್ಲಬ್ಬಿನ ಪರವಾಗಿ ಪೈಪಿನವನನ್ನು ಗೊತ್ತುಮಾಡಿದ್ದೇನೆ, ನಿನಗೆ ಆಕ್ಷೇಪವಿದೆಯೇ ಎಂದ. ಎದುರು ಕೂತು ಕೇಳುತ್ತಿರುವವನಿಗೆ ಆಕ್ಷೇಪ ಎಂದು ಯಾರು ಹೇಳುತ್ತಾರೆ. ಪಕ್ಕದ ಹೊಲದವನಿಂದ ಕಾಗೆ ಯಂತ್ರವನ್ನು ಆ ದಿನಕ್ಕೆ ಕೇಳಿ ತರುವ ಕೆಲಸವನ್ನೂ ಅವಳಿಗೇ ಹೊರಿಸಿದ. ಅವನಿಗೆ ಎರಡು ಗುಂಡು ಬಹಳ ಹಿಡಿಸಿಬಿಟ್ಟಿತ್ತು.

ಮರುದಿನ ಕಾಗದ ಕೈಗೆ ಬಂತು. ಕ್ಲಬ್ಬಿನ ಮುದ್ರೆ, ಇಬ್ಬರ ಸಹಿ. ಹವಾಲ್ದಾರ್ ಕುಶಾಲಪ್ಪ ಅವರನ್ನು ನಮ್ಮ ಮೈದಾನದಲ್ಲಿ ಒಂದು ಸಲ ಪೈಪ್ ಊದಲು ತಕ್ಕ ಸಂಬಳ, ಪ್ರಯಾಣದ ಖರ್ಚು ಮತ್ತು ಸರಿಯಾದ ವೀಸಾ ಕೊಟ್ಟು ಕರೆಸಿಕೊಳ್ಳುತ್ತೇವೆ. ದಿನಾಂಕದ ಜಾಗದಲ್ಲಿ, ಕಾರ್ಯದರ್ಶಿಗಳ ಅನುಕೂಲ ನೋಡಿಕೊಂಡು ತಿಳಿಸಲಾಗುವುದು, ಎಂದಿತ್ತು.

ಶನಿವಾರ

ಚಂಗಪ್ಪನವರು ಕನ್ನಡಕ ಏರಿಸಿ ಕಾಗದವನ್ನು ಎರಡು ಸಲ ಓದಿದರು. ಮುದ್ರೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ದಿನಾಂಕ ಇಲ್ಲ ಯಾಕೆ?"

ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಸುಳ್ಳು ಹೇಳಿ ಶನಿವಾರ ಗಿಟ್ಟಿಸುವ ಮನಸ್ಸಿರಲಿಲ್ಲ. ಕಮಿಟಿಯ ಇಬ್ಬರು ನಕ್ಕರು, ಚಂಗಪ್ಪನವರು ನಗಲಿಲ್ಲ. ಕಾಗದ ಮಡಿಸಿ ವಾಪಸು ಕೊಟ್ಟು, "ಸ್ಪೀಕರ್ ಬೇಡ, ಇವ್ರೇ ಊದ್ಲಿ" ಅಂದರು. ಹೊರಗೆ ಜೀಪಿನ ತನಕ ನನ್ನ ಜೊತೆ ನಡೆದು ಬಂದು, ಹತ್ತಿರ ಯಾರೂ ಇಲ್ಲವೆಂದು ನೋಡಿಕೊಂಡು, "ಹವಾಲ್ದಾರ್ರೇ, ಆ ಸ್ಕಾಟ್ಲೆಂಡಿನವರ ಕೆಳಗೆ ನನ್ನ ಹೆಸ್ರೂ ಬರ್ಕೊಳ್ಳಿ" ಎಂದರು.

ಅಲೆಕ್ ತಿಂಗಳಿಗೊಮ್ಮೆ ರಮ್ಯಳ ಫೋನಿನಲ್ಲಿ ಕಾಣಿಸಿಕೊಳ್ಳುತ್ತಾನೆ. ಇನ್ನೂ ಅನುಕೂಲವಾಗಿಲ್ಲ, ಕಾಯಿಸುತ್ತಿರುವುದಕ್ಕೆ ಕ್ಷಮಿಸು ಅನ್ನುತ್ತಾನೆ. ನನಗೇನೂ ಅವಸರವಿಲ್ಲ ಅನ್ನುತ್ತೇನೆ. ದೇವಕಿ ಹಿಂದಿನಿಂದ ಇಣುಕಿ, ಅವರಿಗೆ ಊಟ ಸರಿ ಸೇರುತ್ತದೋ ಕೇಳಿ ಅನ್ನುತ್ತಾಳೆ.

ಕಳೆದ ಶನಿವಾರ ನಮ್ಮ ಮೈದಾನದಲ್ಲಿ ಕುಣಿತದ ಮಟ್ಟು ಊದುತ್ತಿದ್ದೆ. ಚೀಲ ಬಿಸಿಯಾದರೆ ಈಗಲೂ ಕಾಚಂಪುಳಿಯ ವಾಸನೆ ಬರುತ್ತದೆ. ಹೋಮ್‌ಸ್ಟೇಯವರು ಫೋಟೋ ತೆಗೆಯುತ್ತಿದ್ದರು. ಚಂಗಪ್ಪನವರು ವರಾಂಡದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಒರಗಿದ್ದರು. ಆಚೆ ಗುಡ್ಡದಿಂದ ಬೆನ್ನಬೆನ್ನಿಗೆ ಎರಡು ಗುಂಡು ಕೇಳಿತು. ನಮ್ಮಲ್ಲಿ ಕಾಗೆಗೆ ಯಾರೂ ಯಂತ್ರ ಇಡುವುದಿಲ್ಲ. ಆದರೂ ಈ ಸಲ ನನ್ನ ಬೆರಳು ಒಂದು ಗಳಿಗೆ ನಿಂತವು, ಕಣ್ಣು ಮೊದಲು ವರಾಂಡದ ಕಡೆ ಹೋಯಿತು.

ಚಂಗಪ್ಪನವರು ಕಣ್ಣು ತೆರೆಯದೆ ಕೈ ಎತ್ತಿದರು. "ನಾನಲ್ಲ ಮಾರಾಯ್ರೆ. ನೀವು ಊದಿ" ಅಂದರು. ನಿಧಾನದ ಮಟ್ಟಿಗೆ ಇಳಿದೆ. ಅವರು ಕುರ್ಚಿಯ ಹಿಡಿ ಹಿಡಿದು ಎದ್ದು ನಿಂತು ಟೋಪಿ ತೆಗೆದರು. ಯಾರ ಮನೆಯೆಂದು ತಿಳಿದು ನಾವಿಬ್ಬರೂ ಅವರ ಜೀಪಿನಲ್ಲಿ ಹೊರಟದ್ದು ನಾನು ಮಟ್ಟನ್ನು ಪೂರ್ತಿ ಮುಗಿಸಿದ ಮೇಲೆ.